ಕೌದಿ ಮಿಶಿನ್ನಿಗೊಂದು ತೊಟ್ಟಿಲ ಸ್ಪ್ರಿಂಗು

ನವಿಲಿನ ಕುತ್ತಿಗೆ ಮುರಿದದ್ದು ಬೆಳಿಗ್ಗೆ ಎಂಟೂಕಾಲಿಗೆ. ಅದು ಕೌದಿಯ ಮೇಲೆ ಹೊಲಿಯುತ್ತಿದ್ದ ದಾರದ ನವಿಲು. ಆದರೂ ಜ್ಯೋತಿಲಕ್ಷ್ಮಿ ಹಾಕಿದ ಕೂಗಿಗೆ ಎದುರು ಸಾಲಿನ ನಾಲ್ಕು ಮನೆಯವರು ನಿಜವಾದ ನವಿಲೇ ಸತ್ತಿತೆಂದು ಕಿಟಕಿ ತೆರೆದು ನೋಡಿದರು.

ತಪ್ಪು ವೈರಿನದು. ಜ್ಯೋತಿಲಕ್ಷ್ಮಿಯ ಮಿಶಿನ್ನು ಅಂತಿಂಥದ್ದಲ್ಲ. ಸಾಗರದಲ್ಲಿ ಅಂಥದ್ದು ಇನ್ನೊಂದಿಲ್ಲ. ಏಷ್ಯಾ ಖಂಡದಲ್ಲೇ ಇಲ್ಲ ಎಂದು ಅವಳ ಗಂಡ ಬೆಳ್ಳಪ್ಪ ಹೇಳುತ್ತಿದ್ದ, ಕೇಳಿದವರು ಯಾರೂ ಏಷ್ಯಾ ಖಂಡ ಸುತ್ತಿ ಬಂದವರಲ್ಲವಾದ್ದರಿಂದ ಒಪ್ಪಿಕೊಂಡಿದ್ದರು. ಬೇರೆ ಮಿಶಿನ್ನುಗಳಲ್ಲಿ ಸೂಜಿ ನಿಂತಲ್ಲೇ ನಿಂತು ಬಟ್ಟೆ ಓಡುತ್ತದೆ. ಇದರಲ್ಲಿ ಹನ್ನೆರಡು ಅಡಿ ಚೌಕಟ್ಟಿನ ಮೇಲೆ ಕೌದಿ ಜಮೀನ್ದಾರನ ಹಾಗೆ ಮಲಗಿರುತ್ತದೆ. ಆನೆ ಸೊಂಡಿಲಿನಂಥ ಉದ್ದ ತೋಳಿನ ಮಿಶಿನ್ನೇ ಹಳಿಯ ಮೇಲೆ ಆಚೆಯಿಂದೀಚೆಗೆ ಓಡಿ ಓಡಿ ಹೊಲಿಯುತ್ತದೆ. ಮಿಶಿನ್ನು ಓಡಿದಲ್ಲೆಲ್ಲ ಅದರ ಬೆನ್ನಿಗಂಟಿದ ನಾಲ್ಕು ವೈರುಗಳೂ ಓಡಬೇಕು. ಒಂದು ವೈರು ಗಾಲಿಗೆ ಸಿಕ್ಕಿತೋ, ಸೂಜಿ ಹಾರಿ ಗೆರೆ ಸೊಟ್ಟ.

ಸಂಜೆ ನಾಲ್ಕಕ್ಕೆ ತೀರ್ಥಹಳ್ಳಿಯಿಂದ ವಾಗ್ದೇವಿ ಮೇಡಂ ಬರುವವರಿದ್ದರು. ಈ ನವಿಲಿನ ಕೌದಿ ಅವರಿಗೆ ಒಪ್ಪಿಗೆಯಾದರೆ ಅವರ ಹೋಂಸ್ಟೇಯ ಅಷ್ಟೂ ಮಂಚಗಳಿಗೆ ಜ್ಯೋತಿಲಕ್ಷ್ಮಿಯದೇ ಕೌದಿ. ಅವಳು ಕತ್ತರಿಯ ತುದಿಯಿಂದ ನವಿಲಿನ ಕುತ್ತಿಗೆ ಬಿಚ್ಚುತ್ತಾ, ತಲೆಯೆತ್ತದೆ ಹೇಳಿದಳು: "ನೋಡಿ, ಇನ್ನೊಂದು ಸಲ ಈ ವೈರು ಬಿತ್ತೋ, ರವೀಶಂಗೆ ಫೋನ್ ಮಾಡ್ತೀನಿ."

ಬೆಳ್ಳಪ್ಪನ ಎದೆಯಲ್ಲಿ ಫ್ಯೂಸ್ ಹಾರಿತು. ಅವನೇನು ಸಾಮಾನ್ಯ ಆಸಾಮಿಯೇ? ಮೂವತ್ಮೂರು ವರ್ಷ ಲೈನ್‌ಮನ್ ಆಗಿದ್ದವನು. ಹೊಸನಗರದಿಂದ ಹೊಳೆಬಾಗಿಲಿನ ತನಕ ಕರೆಂಟು ಕಂಬಗಳು ಇವನನ್ನು ಕಂಡರೆ ಇನ್ನಷ್ಟು ನೆಟ್ಟಗೆ ನಿಲ್ಲುತ್ತಿದ್ದವು. ನಗರದ ಕೋಟೆಯ ಹತ್ತಿರ ಒಮ್ಮೆ ಹನ್ನೊಂದು ಕಂಬ ಒಟ್ಟಿಗೇ ಉರುಳಿದಾಗ ಒಬ್ಬನೇ ಎತ್ತಿ ನಿಲ್ಲಿಸಿದ್ದ. ಹೇಳುವಾಗ ಒಮ್ಮೊಮ್ಮೆ ಹದಿನಾಲ್ಕು ಆಗುತ್ತಿದ್ದವು. ಆ ರವೀಶ ಇವನ ಕೈಕೆಳಗೆ ಆರು ತಿಂಗಳು ಕೆಲಸ ಕಲಿತು ಹೋಗಿ ಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು. ಅವನು ಟೆಸ್ಟರ್ ಹಿಡಿದು ಈ ಹೊಸ್ತಿಲು ದಾಟುವುದೆಂದರೆ ಅದಕ್ಕಿಂತ ಬೆಳ್ಳಪ್ಪ ಹೈಟೆನ್ಷನ್ ಲೈನಿನ ಮೇಲೆ ಬಟ್ಟೆ ಒಣಹಾಕಿಯಾನು.

"ನಾನಿರೋವಾಗ ರವೀಶ ಯಾಕೆ? ಹತ್ತೇ ನಿಮಿಷ," ಎಂದ.

ಹತ್ತು ನಿಮಿಷದಲ್ಲಿ ವೈರುಗಳನ್ನು ಹಗ್ಗದಿಂದ ಕಿಟಕಿ ಸರಳಿಗೆ ಕಟ್ಟಿದ. ಮಿಶಿನ್ನು ಬಲಕ್ಕೆ ಹೋಗುವಷ್ಟು ಹೊತ್ತು ಎಲ್ಲ ಸರಿ. ಎಡಕ್ಕೆ ಹೊರಟದ್ದೇ ಹಗ್ಗ ಬಿಗಿದು, ಮೂಗುದಾರ ಎಳೆದ ಎತ್ತಿನಂತೆ ಅರ್ಧದಲ್ಲೇ ನಿಂತಿತು. ಮತ್ತೆ ಹತ್ತು ನಿಮಿಷದಲ್ಲಿ ಗೋಡೆಯಿಂದ ಗೋಡೆಗೆ ತಂತಿ ಎಳೆದು, ಕರ್ಟನ್ನಿನ ಬಳೆಗಳಿಗೆ ವೈರು ಸಿಕ್ಕಿಸಿದ. ಬಳೆಗಳೆಲ್ಲ ಬಸ್‌ಸ್ಟ್ಯಾಂಡಿನ ಜನರಂತೆ ಒಂದೇ ಕಡೆ ಗುಂಪುಗೂಡಿ, ನಾಲ್ಕೂ ವೈರು ಸುರುಳಿ ಸುತ್ತಿಕೊಂಡು ಜ್ಯೋತಿಲಕ್ಷ್ಮಿಯ ತಲೆಯ ಮೇಲೆ ಪೇಟದಂತೆ ಕೂತವು. ಅವಳು ಫೋನನ್ನು ತೆಗೆದು ಚೌಕಟ್ಟಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟಳು.

ಆಗ ಹೊಳೆಯಿತು ನೋಡಿ. ಎಳೆದರೆ ಬರಬೇಕು, ಬಿಟ್ಟರೆ ಹೋಗಬೇಕು, ಭಾರ ಹೊತ್ತು ಮೇಲೇ ನಿಲ್ಲಬೇಕು. ಅಂಥದ್ದು ಲೋಕದಲ್ಲಿ ಒಂದೇ: ಮಕ್ಕಳ ತೊಟ್ಟಿಲಿಗೆ ಹಾಕುವ ಸ್ಪ್ರಿಂಗು. ತಾರಸಿಯ ಕೊಂಡಿಯಿಂದ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಬಟ್ಟೆಯ ಕುಣಿಕೆ, ಕುಣಿಕೆಯೊಳಗೆ ವೈರು. ವಿಜ್ಞಾನಿಗಳು ನೂರು ವರ್ಷ ತಪಸ್ಸು ಮಾಡಿದರೂ ಹೊಳೆಯದ್ದು ಬೆಳ್ಳಪ್ಪನಿಗೆ ತಲೆ ಕೆರೆದುಕೊಳ್ಳುವಾಗ ಹೊಳೆಯಿತು. ಒಂದು ಚೀಟಿಯ ಮೇಲೆ ಗೀಚಿ ಜೇಬಿಗಿಟ್ಟುಕೊಂಡು ಪೇಟೆಗೆ ಹೊರಟ.

ಪಾತ್ರೆ ಅಂಗಡಿಯ ಶಿವು ಸ್ಪ್ರಿಂಗನ್ನು ಎಳೆದು ತೋರಿಸುತ್ತಾ ಕೇಳಿದ: "ಯಾರಿಗೆ ಬೆಳ್ಳಪ್ಪಣ್ಣ? ಹೊಸನಗರದ ಮಗಳಿಗಾ?"

ಬೆಳ್ಳಪ್ಪ ಒಂದು ಕ್ಷಣ ಲೆಕ್ಕ ಹಾಕಿದ. ವೈರಿಗೆ ಎಂದರೆ ಮಧ್ಯಾಹ್ನದೊಳಗೆ ಇಡೀ ಪೇಟೆ ಹೇಳುತ್ತದೆ: ಮೂವತ್ಮೂರು ವರ್ಷ ಊರಿನ ವೈರು ಕಟ್ಟಿದವನಿಗೆ ಹೆಂಡತಿಯ ಮಿಶಿನ್ನಿನ ವೈರು ಕಟ್ಟಲು ತೊಟ್ಟಿಲ ಸ್ಪ್ರಿಂಗು ಬೇಕಾಯಿತಂತೆ. "ಮನೇಲಿ ಒಂದು ಇದ್ರೆ ಬೇಕಾಗುತ್ತಲ್ಲ ಮಾರಾಯ," ಎಂದು ಮುಗುಳ್ನಕ್ಕ. ಮಾತಿನಲ್ಲಿ ಸುಳ್ಳಿರಲಿಲ್ಲ. ಎಲ್ಲ ಅನಾಹುತ ಮಾಡಿದ್ದು ಆ ಮುಗುಳ್ನಗೆ.

ಅವನು ಮನೆ ಮುಟ್ಟಲು ಹನ್ನೆರಡು ನಿಮಿಷ ಬೇಕಾಯಿತು; ಸುದ್ದಿಗೆ ಒಂಬತ್ತು ಸಾಕಾಯಿತು. ಪಕ್ಕದ ಮನೆಯ ವರದಮ್ಮ ಆಗಲೇ ಜಗಲಿಯಲ್ಲಿ ಕಾಲುಚಾಚಿ ಕೂತಿದ್ದಳು. ಆ ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆದವಳು, ಅವರಲ್ಲಿ ಕೆಲವರು ಈಗ ಅಜ್ಜಂದಿರಾದರೂ ಅವಳಿಗೆ ಏಕವಚನವೇ.

"ಮಗು ಹುಟ್ಟೋಕೆ ಮುಂಚೆ ತೊಟ್ಟಿಲ ಸಾಮಾನು ತರ್ತಾರೇನೋ ಬೆಳ್ಳಪ್ಪ? ಇಷ್ಟು ವಯಸ್ಸಾಯ್ತು, ಅಷ್ಟೂ ಗೊತ್ತಿಲ್ವಾ ನಿಂಗೆ?"

ಗಲಾಟೆಗೆ ಜ್ಯೋತಿಲಕ್ಷ್ಮಿ ಬಾಯಲ್ಲಿ ದಾರ ಕಚ್ಚಿಕೊಂಡೇ ಹೊರಗೆ ಬಂದಳು. ವಿಷಯ ಕೇಳಿ ದಾರ ಉಗುಳಿ, ಮಗಳು ಭವ್ಯಾ ನಿಮಗೇನಾದರೂ ಹೇಳಿದಳೇ ಎಂದು ಗಂಡನನ್ನು ಕೇಳಿದಳು. ಬೆಳ್ಳಪ್ಪ ನಿಜ ಹೇಳಬಹುದಿತ್ತು, ಆದರೆ ವರದಮ್ಮನ ಎದುರು ಹೇಳಿದ ನಿಜ ಮೈಕಿನಲ್ಲಿ ಹೇಳಿದಂತೆ. "ಹಂಗೇನಿಲ್ಲ," ಎಂದ, ಹಾಗೇ ಇದೆ ಎನ್ನುವ ದನಿಯಲ್ಲಿ.

"ನನ್ನ ಮಗಳು ಹಲ್ಲುನೋವು ಬಂದ್ರೂ ಮೊದ್ಲು ನಂಗೇ ಹೇಳೋದು. ಇದೆಲ್ಲ ಇವರ ಬುರುಡೆ. ನಾಲ್ಕು ಗಂಟೆ ಕಳೀಲಿ, ನಾನೇ ಫೋನ್ ಮಾಡಿ ಕೇಳ್ತೀನಿ," ಎಂದು ಅವಳು ಒಳಗೆ ಹೋದಳು.

ವರದಮ್ಮ ಬಿಡಲಿಲ್ಲ. ತಂದದ್ದಾಯಿತು, ಇನ್ನು ಸ್ಪ್ರಿಂಗು ಖಾಲಿ ಇರಬಾರದು, ಭಾರ ಹೊತ್ತಿರಬೇಕು ಎಂದು ತೀರ್ಪು ಕೊಟ್ಟಳು. ನಡುಮನೆಯ ಹಳೆಯ ತೊಟ್ಟಿಲ ಕೊಂಡಿಗೆ ಸ್ಪ್ರಿಂಗು ನೇತುಬಿತ್ತು. ಅದಕ್ಕೆ ಸೀರೆ ಕಟ್ಟಿ, ಒಳಗೆ ರುಬ್ಬುವ ಗುಂಡುಕಲ್ಲನ್ನು ಮಲಗಿಸಿ, ಅರಿಶಿನ ಕುಂಕುಮ ಹಚ್ಚಿ, ಬಂದವರೆಲ್ಲ ಒಂದೊಂದು ಸಲ ತೂಗತಕ್ಕದ್ದೆಂದು ಅಪ್ಪಣೆಯಾಯಿತು. ಬರುವವರಿಗೇನು ಬರ? ಒಬ್ಬಳು ಬಜೆಬೇರು ತಂದಳು, ಒಬ್ಬಳು ಹಳೆಯ ಮೆತ್ತನೆ ಪಂಚೆ ತಂದಳು, ಇನ್ನೊಬ್ಬಳು ಗಿಲಕಿ ತಂದು ಕಲ್ಲಿನ ಮುಂದೆ ಆಡಿಸಿದಳು. ಎಲ್ಲರೂ ಬೆಳ್ಳಪ್ಪನನ್ನು ಅಜ್ಜ ಎಂದರು. ಮೊದಲ ಸಲ ಅವನಿಗೆ ಬೆವರಿತು. ನಾಲ್ಕನೆಯ ಸಲಕ್ಕೆ ರೂಢಿಯಾಯಿತು. ಏಳನೆಯ ಸಲಕ್ಕೆ ಅವನು ಮಗುವಿಗೆ ಯಾವ ಶಾಲೆ ಒಳ್ಳೆಯದೆಂದು ಸಲಹೆ ಕೊಡತೊಡಗಿದ್ದ. ವರದಮ್ಮ ಮಾತ್ರ ಮೂಲೆಯಲ್ಲಿ ನಿಂತು ಹೊಸನಗರದ ತನ್ನ ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದಳು.

ಇತ್ತ ಮಿಶಿನ್ನಿನ ವೈರು? ಅದನ್ನು ಬೆಳ್ಳಪ್ಪ ಕೈಯಲ್ಲೇ ಹಿಡಿದಿದ್ದ. ಮದುವೆ ಮೆರವಣಿಗೆಯಲ್ಲಿ ಛತ್ರಿ ಹಿಡಿದವನಂತೆ ಕೈಯೆತ್ತಿ, ಮಿಶಿನ್ನಿನ ಹಿಂದೆ ಹನ್ನೆರಡು ಅಡಿ ಆಚೆ, ಹನ್ನೆರಡು ಅಡಿ ಈಚೆ ನಡೆಯುತ್ತಿದ್ದ. ಮೂರು ಗಂಟೆಯ ಹೊತ್ತಿಗೆ ಸಾಗರದಿಂದ ವರದಹಳ್ಳಿಗೆ ಎರಡು ಸಲ ಹೋಗಿಬರುವಷ್ಟು ನಡೆದಾಗಿತ್ತು. ಮೂರೂ ಹತ್ತಕ್ಕೆ ಹೊರಗಿನಿಂದ ಯಾರೋ ಅಜ್ಜಾ ಎಂದು ಕರೆದರು. ಅಭ್ಯಾಸಬಲ, ಬೆಳ್ಳಪ್ಪ ಎರಡೂ ಕೈ ಬಿಟ್ಟು ಹೊರಗೆ ಓಡಿದ.

ವೈರು ಗಾಲಿಗೆ ಸಿಕ್ಕಿತು. ಒಂದು ಮರಿನವಿಲಿಗೆ ಮೂರನೆಯ ಕಾಲು ಬಂತು.

ರವೀಶ ಹತ್ತೇ ನಿಮಿಷದಲ್ಲಿ ಬಂದ. ಹೊಸ್ತಿಲು ದಾಟುವಾಗ ಗುರುವಿಗೆ ನಮಸ್ಕಾರ ಹೇಳಿದ್ದು ಬೆಳ್ಳಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. ರವೀಶ ಮಿಶಿನ್ನನ್ನು ಒಮ್ಮೆ ಆಚೀಚೆ ಓಡಿಸಿ ನೋಡಿದ, ವೈರು ನೋಡಿದ, ನಡುಮನೆಗೆ ಬಂದು ತೂಗುತ್ತಿದ್ದ ಗುಂಡುಕಲ್ಲನ್ನು ನೋಡಿದ. "ಅಕ್ಕಾ, ಈ ಸ್ಪ್ರಿಂಗ್ ತಗೊಳ್ಲಾ?" ಎಂದ. ವರದಮ್ಮ ಕಾಫಿಗೆಂದು ತನ್ನ ಮನೆಗೆ ಹೋಗಿದ್ದಳು. ಜ್ಯೋತಿಲಕ್ಷ್ಮಿ ಕೂಡಲೇ ತಲೆಯಾಡಿಸಿದಳು. ತಾರಸಿಯ ಕೊಂಡಿಯಿಂದ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಬಟ್ಟೆಯ ಕುಣಿಕೆ, ಕುಣಿಕೆಯೊಳಗೆ ನಾಲ್ಕೂ ವೈರು. ಏಳು ನಿಮಿಷ. ಹಿಂದೆ ಹೊಳೆಬಾಗಿಲಿನ ಹಿನ್ನೀರಿನಲ್ಲಿ ಲಾಂಚು ಜಾರುತ್ತಿದ್ದಂತೆ ಮಿಶಿನ್ನು ಜಾರಿತು. ಜ್ಯೋತಿಲಕ್ಷ್ಮಿ ಮೂರನೆಯ ಕಾಲು ಬಿಚ್ಚಿ, ಕೊನೆಯ ಗರಿ ಹೊಲಿದು ಮುಗಿಸುವಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಬೆಳ್ಳಪ್ಪ ಬಾಗಿಲಲ್ಲಿ ನಿಂತು ತನ್ನದೇ ಮಿದುಳು ಬೇರೆಯವನ ಕೈಯಲ್ಲಿ ನೇತಾಡುವುದನ್ನು ನೋಡುತ್ತಿದ್ದ.

ವಾಗ್ದೇವಿ ಮೇಡಂ ಬಂದು ಕೌದಿ ಮುಟ್ಟಿ ನೋಡಿದರು. ನವಿಲು ಅವರಿಗೆ ಬಹಳ ಹಿಡಿಸಿತು, ಮಂಚಗಳೆಲ್ಲ ಜ್ಯೋತಿಲಕ್ಷ್ಮಿಯ ಪಾಲಾದವು. ಆಮೇಲೆ ಅವರ ಕಣ್ಣು ಮೇಲೆ ಹೋಯಿತು. ಇಂಥ ಮಿಶಿನ್ನು ದೊಡ್ಡ ದೊಡ್ಡ ಊರುಗಳಲ್ಲಿ ನೋಡಿದ್ದೇನೆ, ಎಲ್ಲ ಕಡೆಯೂ ವೈರಿನದೇ ಗೋಳು, ಇಷ್ಟು ಸುಲಭದ ಉಪಾಯ ಎಲ್ಲೂ ಕಂಡಿಲ್ಲ ಎಂದರು. "ಯಾರು ಮಾಡಿದ್ದು ಇದನ್ನ?"

"ನಾನೇ ಮೇಡಂ," ಎಂದ ರವೀಶ, ನೆಲ ನೋಡುತ್ತಾ. ಮೇಡಂ ಅವನನ್ನು ಸ್ಪ್ರಿಂಗಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಅಷ್ಟರಲ್ಲಿ ವರದಮ್ಮನ ಜೊತೆ ಮರಳಿ ಬಂದಿದ್ದ ಬೀದಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಇನ್ನು ತಡೆಯಲು ಬೆಳ್ಳಪ್ಪನೇನು ಸಿಮೆಂಟಿನ ಕಂಬವೇ? ಮುಂದೆ ಬಂದು, ಜೇಬಿನಿಂದ ಚೀಟಿ ತೆಗೆದು ಎಲ್ಲರ ಮುಂದೆ ಹಿಡಿದ. ತೊಟ್ಟಿಲೂ ಇಲ್ಲ, ಮಗುವೂ ಇಲ್ಲ, ಸ್ಪ್ರಿಂಗು ತಂದದ್ದೇ ವೈರಿಗೆ, ಉಪಾಯ ಬೆಳಿಗ್ಗೆಯೇ ನನ್ನದು, ನಾಚಿಕೆಗೆ ಬಾಯಿಬಿಡಲಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಕೊಂಡ. ಚೀಟಿಯಲ್ಲಿ ಕೊಂಡಿ, ಸ್ಪ್ರಿಂಗು, ಕುಣಿಕೆ ಎಲ್ಲ ಇದ್ದವು. ರವೀಶ ನೋಡಿ, ಗುರುಗಳ ತಲೆಯೇ ತಲೆ ಎಂದು ಕೈಮುಗಿದ. ಜ್ಯೋತಿಲಕ್ಷ್ಮಿ ಆ ದಿನದಲ್ಲಿ ಮೊದಲ ಸಲ ಗಂಡನನ್ನು ನೋಡಿ ನಕ್ಕಳು. "ನಾನು ಆಗ್ಲೇ ಹೇಳಿಲ್ವಾ? ಭವ್ಯಾ ನಂಗೆ ಹೇಳದೆ ಇರ್ತಾಳಾ?" ವಾಗ್ದೇವಿ ಮೇಡಂ ಫೋಟೋಗೆಂದು ಬೆಳ್ಳಪ್ಪನನ್ನು ಸ್ಪ್ರಿಂಗಿನ ಪಕ್ಕಕ್ಕೆ ಕರೆದರು. ಅವನು ಶರಟಿನ ಗುಂಡಿ ಹಾಕಿಕೊಂಡು, ಎದೆ ಎಷ್ಟು ಉಬ್ಬಿಸಿದನೆಂದರೆ ಹಾಕಿದ ಗುಂಡಿಯಲ್ಲಿ ಒಂದು ಹಾರಿ ಹೋಯಿತು.

ಆಗಲೇ ಮನೆಯೆದುರು ಕಾರು ನಿಂತದ್ದು.

ಹೊಸನಗರದ ಬೀಗರು ಮುಕುಂದಯ್ಯ ಇಳಿದರು, ಅವರ ಹಿಂದೆ ಭವ್ಯಾ. ಮುಕುಂದಯ್ಯನವರ ಮುಖ ಅರ್ಧ ಸಿಟ್ಟಿನಲ್ಲಿ, ಅರ್ಧ ಸಂತೋಷದಲ್ಲಿ ಇತ್ತು. "ಇದೆಂತ ಬೀಗ್ರೆ? ನಮ್ಮನೇಲಿರೋ ಸೊಸೆ ಸುದ್ದಿ ನಮಗೆ ಸಾಗರದಿಂದ ಬರ್ಬೇಕಾ? ಮಧ್ಯಾಹ್ನ ಯಾರೋ ಫೋನ್ ಮಾಡಿ ಹೇಳಿದ್ರು, ಕೇಳಿದ್ರೆ ಹೌದು ಅಂತಾಳೆ."

ಭವ್ಯಾ ಕೆಂಪಗಾಗಿ ಸೆರಗಿನ ತುದಿ ತಿರುವುತ್ತಿದ್ದಳು. ಎರಡು ತಿಂಗಳಾಗಿತ್ತಂತೆ. ಮೂರು ತುಂಬಿದ ಮೇಲೆ ಎಲ್ಲರಿಗೂ ಹೇಳೋಣವೆಂದು ಗಂಡ ಕುಮಾರನ ಹೊರತು ಇನ್ನೊಬ್ಬರಿಗೆ ಬಾಯಿಬಿಟ್ಟಿರಲಿಲ್ಲವಂತೆ. "ಅಪ್ಪಾ, ನಿಮಗೆ ಹೆಂಗೆ ಗೊತ್ತಾಯ್ತು?"

ನೆರೆದವರೆಲ್ಲ ಒಟ್ಟಿಗೇ ಬೆಳ್ಳಪ್ಪನ ಕಡೆ ತಿರುಗಿದರು. ವರದಮ್ಮ ಅವನ ಕೈಯಿಂದ ಚೀಟಿ ಕಸಿದು ಬೆಳಕಿಗೆ ಹಿಡಿದಳು. "ಕೊಂಡಿ, ಸ್ಪ್ರಿಂಗು, ಕೆಳಗೆ ಜೋಲಿ. ಇದು ತೊಟ್ಟಿಲಲ್ದೆ ಮತ್ತೆಂತ? ಹುಟ್ಟೋ ಮಗೂನ ಇಲ್ಲ ಅಂದ್ಬಿಟ್ಯಲ್ಲೋ, ಆ ಹುಡುಗ ತೆಗೆದುಕೊಂಡ ಹೆಸ್ರು ಕಿತ್ಕೊಳ್ಳೋಕೆ." ರವೀಶ ಮುಗಿದಿದ್ದ ಕೈ ಇಳಿಸಿದ. ವಾಗ್ದೇವಿ ಮೇಡಂ ಫೋನನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು.

ಬೆಳ್ಳಪ್ಪ ಬಾಯಿ ತೆರೆದ. ನನಗೇನೂ ಗೊತ್ತಿರಲಿಲ್ಲ ಎನ್ನಬೇಕೆಂದಿದ್ದ. ಆದರೆ ಎದುರಿಗೆ ಬೀಗರು ಕಣ್ಣರಳಿಸಿ ನಿಂತಿದ್ದರು, ಮಗಳು ಅಚ್ಚರಿಯಿಂದ ನೋಡುತ್ತಿದ್ದಳು. ಅಜ್ಜನಾಗುವ ಸುಖ ಒಂದು ಕಡೆಯಿಂದ ಉಕ್ಕಿ ಬರುತ್ತಿತ್ತು. ವೈರಿನ ಕೀರ್ತಿ ಹೋದರೆ ಹೋಗಲಿ, ಇದು ಅದಕ್ಕಿಂತ ದೊಡ್ಡದಲ್ಲವೇ? ಕೊರಳು ಸರಿಮಾಡಿಕೊಂಡ.

"ಲೈನ್‌ಮನ್ ಅಲ್ವಾ ಬೀಗ್ರೆ," ಎಂದ. "ಕರೆಂಟು ಎಲ್ಲಿ ಹರೀತಿದೆ ಅಂತ ಮುಟ್ಟದೇನೇ ಗೊತ್ತಾಗುತ್ತೆ. ಹದಿನೈದು ದಿನದ ಕೆಳಗೆ ಬಂದಿದ್ಳಲ್ಲ, ಆಗ್ಲೇ ಮುಖ ನೋಡಿ ತಿಳ್ಕೊಂಡೆ."

ಮುಕುಂದಯ್ಯ ಭೇಷ್ ಎಂದು ಬೆನ್ನು ತಟ್ಟಿದರು. ಆ ಒಂದು ಭೇಷ್‌ಗೆ ಬೆಳ್ಳಪ್ಪ ಎರಡು ಅಂಗುಲ ಎತ್ತರವಾದ.

ಜ್ಯೋತಿಲಕ್ಷ್ಮಿ ಮಗಳನ್ನು ಅಪ್ಪಿ, ಗಲ್ಲ ಸವರಿ, ಕಣ್ಣೊರೆಸಿಕೊಂಡಳು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಹದಿನೈದು ದಿನದಿಂದ ಗೊತ್ತಿದ್ದೂ, ನನಗೆ ಹೇಳ್ಲಿಲ್ಲ," ಎಂದಳು. ಬೆಳ್ಳಪ್ಪನ ಉತ್ತರಕ್ಕೆ ಅವಳು ಕಾಯಲಿಲ್ಲ. "ರವೀಶಾ, ಇವತ್ತಿಂದ ಈ ಮಿಶಿನ್ನಿನ ವೈರೆಲ್ಲ ನಿಂದೇ ಜವಾಬ್ದಾರಿ. ದಿನಾ ಬೆಳಿಗ್ಗೆ ಒಂದ್ಸಲ ಬಂದು ನೋಡ್ಕೊಂಡು ಹೋಗು. ತಿಂಡಿ ಇಲ್ಲೇ ತಿನ್ನು."