ಮೋಟರ್ ಅಕ್ಕನೂ ನನ್ನ ಹೊಟ್ಟೆಕಿಚ್ಚೂ

ಹೊಟ್ಟೆಕಿಚ್ಚು ಪಡಬಾರದೆಂದು ಇಪ್ಪತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಆದರೆ ಹಂಸಭಾವಿಯಲ್ಲಿ ದಿನ ಬೆಳಗಾದರೆ ಏನಾದರೊಂದು ನಡೆದು ನನ್ನ ಹೊಟ್ಟೆ ಉರಿಯುತ್ತಲೇ ಇರುತ್ತದೆ. ಕಾರಣ ನನ್ನ ಹಳೆಯ ವಿದ್ಯಾರ್ಥಿನಿ. ಹತ್ತನೇ ತರಗತಿ ಮುಗಿಸಿ, ಅಪ್ಪನ ಅಂಗಡಿಯಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತುವುದನ್ನು ಕಲಿತು, ಈಗ ಸುತ್ತಲಿನ ರೈತರಿಗೆಲ್ಲ ‘ಮೋಟರ್ ಅಕ್ಕ’ ಆಗಿದ್ದಾಳೆ. ನಾನು ವಿಜ್ಞಾನದ ಮಾಸ್ತರ. ನಿವೃತ್ತಿಗೆ ಇನ್ನೊಂದು ವರ್ಷ. ನಾನು ಕಲಿಸಿದ್ದು ಯಾರ ಕೆಲಸಕ್ಕಾದರೂ ಬಂತೋ ಇಲ್ಲವೋ ಎಂಬುದೇ ನನ್ನ ಚಿಂತೆ. ಊರಿನವರಿಗೆ ಮಾತ್ರ ಅವಳದೇ ಧ್ಯಾನ.

ಬಸ್ಸಿನಲ್ಲಿ

ಹಿರೇಕೆರೂರಿನಿಂದ ಬರುತ್ತಿದ್ದೆ. ಬಸ್ಸು ತುಂಬಿತ್ತು, ನನಗೆ ಕೂರಲು ಜಾಗವಿರಲಿಲ್ಲ. ಕುಳಿತವರಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಕಲಿತವರು. ಎಲ್ಲರೂ ಕಿಟಕಿಯಾಚೆ ಗೋವಿನಜೋಳದ ಹೊಲ ನೋಡುವುದರಲ್ಲಿ ಮಗ್ನರು. ಅಷ್ಟರಲ್ಲಿ ಮೋಟರ್ ಅಕ್ಕ ಗೋಣಿಚೀಲದಲ್ಲಿ ಒಂದು ಮೋಟರ್ ಹೊತ್ತು ಹತ್ತಿದಳು. ನಾಲ್ಕು ಜನ ಎದ್ದು ನಿಂತರು.

"ಸರ್, ನೀವು ಕುಂದರ್ರಿ" ಎಂದಳು.

"ಬ್ಯಾಡವಾ, ನೀನ ಕುಂದರು" ಎಂದೆ, ಬಿಗುಮಾನದಿಂದ.

ಕೊನೆಗೆ ಅವಳೂ ನಿಂತಳು, ನಾನೂ ನಿಂತೆ. ಹಂಸಭಾವಿಯವರೆಗೆ ಮೋಟರ್ ಕೂತು ಬಂತು.

ತರಗತಿಯಲ್ಲಿ

"ಯಾಕ ಸಾಲಿ ಕಲೀಬೇಕು?" ಎಂದು ಮಕ್ಕಳನ್ನು ಕೇಳಿದೆ. ‘ಜ್ಞಾನಕ್ಕಾಗಿ’ ಎಂಬ ಉತ್ತರ ಬರಲೆಂದು ಕಾದೆ. ಒಂದು ಹುಡುಗಿ ಎದ್ದಳು.

"ಮೋಟರ್ ಅಕ್ಕಾರ ಹಂತ್ಯಾಕ ಕೆಲಸ ಕಲಿಯಾಕ್ರಿ."

ಸೀಮೆಸುಣ್ಣ ಕೆಳಗಿಟ್ಟೆ. "ಮಾಸ್ತರಕಿ ಮಾಡಾಕ ಯಾರಿಗೂ ಮನಸ್ಸಿಲ್ಲೇನು?"

ಆಕೆ ಪಾಪ, ನನ್ನ ಮುಖ ನೋಡಿ ಕನಿಕರಿಸಿದಳು. "ಅಕ್ಕಾರು ಒಲ್ಲೆ ಅಂದ್ರ ಮಾಸ್ತರಕಿನ ಮಾಡ್ತೇನ್ರಿ."

ಹೊಲದಲ್ಲಿ

ಇದಾದ ಮೇಲೆ ನನಗೆ ಛಲ ಬಂತು. ನನ್ನ ಹೊಲದ ಪಂಪಿನ ಹಳೆಯ ವೈರು ಕಿತ್ತು ನಾನೇ ಹೊಸದು ಜೋಡಿಸಿದೆ. ಮೋಟರ್ ಗುಂಯ್ಗುಟ್ಟಿತು, ಆದರೆ ಪೈಪಿನಲ್ಲಿ ಬಂದದ್ದು ತಂಬಿಗೆ ತುಂಬದಷ್ಟು ನೀರು. ಪಕ್ಕದ ಹೊಲದವನು ನನ್ನನ್ನು ಒಂದು ಮಾತೂ ಕೇಳದೆ ಮೋಟರ್ ಅಕ್ಕನಿಗೆ ಫೋನ್ ಮಾಡಿಬಿಟ್ಟ.

ಬಂದಳು. ಕರೆಂಟ್ ತೆಗೆದು, ಮೂರು ವೈರಿನಲ್ಲಿ ಎರಡನ್ನು ಅದಲುಬದಲು ಮಾಡಿದಳು. ನೀರು ಧೋ ಎಂದು ಬಿತ್ತು.

"ಮೋಟರ್ ಉಲ್ಟಾ ತಿರಗಾಕತ್ತಿತ್ರಿ, ಸರ್."

"ಇದನ್ನ ನಿನಗ ಯಾರು ಕಲಿಸಿದ್ರು?"

"ನೀವ ಕಲಿಸಿದ್ರಿ! ಅವತ್ತ ‘ಯಾಕ ಹಂಗ, ಯಾಕ ಹಂಗ’ ಅಂತ ಮೂರು ಸಲ ಕೇಳಿದ್ದಕ್ಕ ನನ್ನ ಹೊರಗ ನಿಲ್ಲಿಸಿದ್ರಿ."

ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು. "ಹೊರಗ ನಿಂತಾಕಿಗೆ ತಿಳೀತು, ಒಳಗ ಕುಂತವರಿಗೆ ಯಾಕ ತಿಳೀಲಿಲ್ಲ?"

"ಒಳಗಿನವ್ರು ಬರಕೊಳ್ಳಾಕತ್ತಿದ್ರು, ಸರ್. ನನಗ ಕೇಳೂದು ಬಿಟ್ರ ಬ್ಯಾರೆ ಕೆಲಸ ಇರಲಿಲ್ಲ."

ಬನ್ನಿಯ ದಿನ

ದಸರೆಯಲ್ಲಿ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುವುದು ನಮ್ಮ ಕಡೆಯ ಪದ್ಧತಿ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಲು ಚಾಚಿ, ಕಟ್ಟೆಯ ಮೇಲೆ ಕಾದೆ. ಸಂಜೆಯವರೆಗೆ ಬಂದವರು ಮೂವರು. ಮೂವರೂ ಕೇಳಿದ್ದು ಮೋಟರ್ ಅಕ್ಕನ ಅಂಗಡಿ ತೆರೆದಿದೆಯೇ ಎಂದು.

"ಅಷ್ಟ ಉರೀತಿದ್ರ ನೀವ ಹೋಗಿ ನೋಡಿ ಬರ್ರಿ" ಎಂದಳು ಹೆಂಡತಿ.

ಹೋದೆ. ಅಂಗಡಿಯ ಮುಂದೆ ಬನ್ನಿ ಹಿಡಿದ ಜನರ ಸಾಲು. ಅವಳು ನನ್ನನ್ನು ಕಂಡಿದ್ದೇ ಎದ್ದು ಬಂದು, ಎಲ್ಲರೆದುರು ಕಾಲು ಮುಟ್ಟಿ, ತಾನು ತಂತಿ ಸುತ್ತುವ ಸ್ಟೂಲಿನ ಮೇಲೆ ಕೂರಿಸಿ ಚಹಾ ತರಲು ಒಳಗೆ ಹೋದಳು. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂತು. ಹೊಟ್ಟೆಯ ಉರಿಯೂ ಒಂದಿಷ್ಟು ಆರಿತು.

ಆಗ ಅಬಲೂರಿನ ಮುದುಕನೊಬ್ಬ ನನ್ನ ಗುರುತಿಲ್ಲದೆ ಕೈಗೆ ಬನ್ನಿ ಕೊಟ್ಟು, ನಾನು ಕೂತ ಸ್ಟೂಲನ್ನೂ ನನ್ನ ನರೆತ ತಲೆಯನ್ನೂ ನೋಡಿದ.

"ಹೊಸದಾಗಿ ಕೆಲಸ ಕಲಿಯಾಕ ಸೇರೀರೇನ್ರಿ?"

ನಾನು ಬಾಯಿ ತೆರೆಯುವುದರೊಳಗೆ ಅವನೇ ಬೆನ್ನು ತಟ್ಟಿದ.

"ವಯಸ್ಸಾತಂತ ಅಂಜಬ್ಯಾಡ್ರಿ. ಅಕ್ಕ ಭಾಳ ಛಲೋ ಕಲಿಸ್ತಾಳ. ಪ್ರಶ್ನೆ ಕೇಳಿದ್ರ ಸಾಲಿ ಮಾಸ್ತರಂಗ ಹೊರಗ ನಿಲ್ಲಸೂದಿಲ್ಲ."