ಮಾವನ ಆತ್ಮಕತೆಯ ನಕಲು

ಡ್ರಾಯಿಂಗ್ ಮೇಷ್ಟ್ರು ಅವತ್ತು ಬೆಳಿಗ್ಗೆ ಎರಡು ಅಕ್ಷರಗಳನ್ನು ಅದಲುಬದಲು ಮಾಡಿದರು. ಅಷ್ಟಕ್ಕೇ ಮಾವನ ಹನ್ನೊಂದು ವರ್ಷ ಹಾರಿಹೋಯಿತು.

ಮಾವ ಕೋರ್ಟಿನಲ್ಲಿ ಶೀಘ್ರಲಿಪಿಕಾರರಾಗಿದ್ದವರು. ಯಾರು ಏನಂದರೂ ಅಂದ ಹಾಗೇ ಬರೆದುಕೊಳ್ಳುವ ಚಟ ನಿವೃತ್ತರಾದ ಮೇಲೂ ಬಿಡಲಿಲ್ಲ. ಕೊನೆಯ ಸಂಬಳ ತಂದ ಮಾರನೇ ದಿನವೇ ಆತ್ಮಕತೆಗೆ ಕೂತರು. ಅದೀಗ ಆರುನೂರ ನಲವತ್ತು ಪುಟವಾಗಿ, ಸಂಜೆ ಐದಕ್ಕೆ ಪ್ರೆಸ್ಸಿಗೆ ಹೋಗಬೇಕಿತ್ತು. ಅದಿದ್ದ ಕಂಪ್ಯೂಟರಿನ ಡಿಸ್ಕು ಮಾತ್ರ ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಾಗೆ ಕಟಕಟ ಅನ್ನತೊಡಗಿತ್ತು.

“ಅಳಿಯಂದಿರೇ, ಇದಕ್ಕೊಂದು ನಕಲು ಇಳಿಸಿಡಿ. ಹಿಂಬದಿ ರಟ್ಟಿಗೆ ಫೋಟೋ ಬೇಕಂತೆ, ತೆಗೆಸ್ಕೊಂಡು ಬರ್ತೀನಿ,” ಎಂದು ಹೊಸ ಡಿಸ್ಕೊಂದನ್ನು ಕೈಗಿಟ್ಟು, ಕೋಟು ತೊಟ್ಟು ಮಾವ ಹೊರಟರು.

ಮೇಷ್ಟ್ರಿಗೆ ಕುಂಚ ಬಿಟ್ಟು ಬೇರೇನೂ ಹಿಡಿದು ಗೊತ್ತಿಲ್ಲ. ಆದರೆ ಒಂಬತ್ತು ವರ್ಷದಿಂದ ಮಾವನ ಮನೆಯಲ್ಲೇ ಇರುವ ಅಳಿಯ “ನನಗೆ ಬರಲ್ಲ” ಅನ್ನುವುದು ಹೇಗೆ? ಮೌಸು ಹಿಡಿದು ಎಳೆದರು. ನಕಲು ಅರ್ಧಕ್ಕೆ ನಿಂತಿತು. ಮತ್ತೆ ಎಳೆದರು. ಮತ್ತೆ ನಿಂತಿತು.

ಕರೆಯದೆ ಬರುವುದು ಎದುರುಮನೆಯ ಹಲ್ಲು ಡಾಕ್ಟರ ಗುಣ. ಬಂದವರೇ ಮೇಷ್ಟ್ರ ಹೆಗಲ ಮೇಲಿಂದ ಇಣುಕಿದರು.

“ಹೀಗೆ ಎಳೆದಾಡಿದ್ರೆ ಬರೋ ವರ್ಷಕ್ಕೂ ಮುಗಿಯಲ್ಲ. ಡಿಡಿ ಅಂತ ಒಂದು ಆಜ್ಞೆ ಇದೆ ಮೇಷ್ಟ್ರೇ. ಆಜ್ಞೆ ಬರೆಯೋ ಕಪ್ಪು ಪರದೆ ತೆರೆದು ಒಂದೇ ಸಾಲು ಟೈಪ್ ಮಾಡಿದ್ರೆ ಈ ಡಿಸ್ಕು ಆ ಡಿಸ್ಕಿಗೆ ಇಡಿಯಾಗಿ ನಕಲು. ಒಂದು ಚುಕ್ಕೆನೂ ಬಿಡಲ್ಲ. ನನ್ನ ಕ್ಲಿನಿಕ್ಕಿನ ಎಕ್ಸ್‌ರೇ ಎಲ್ಲಾ ಹಾಗೇ ಇಳಿಸಿದ್ದು.”

“ಏನೂ ಆಗಲ್ವಾ ಡಾಕ್ಟ್ರೇ?”

“ನೋವಾಗತ್ತೆ ಅಂತ ನಾನು ಯಾರಿಗಾದ್ರೂ ಹೇಳಿದ್ದೀನಾ?”

ಡಾಕ್ಟರು ಫೋನು ನೋಡಿಕೊಂಡು ಓದಿದರು: “ಮೊದಲು ಡಿಡಿ. ಆಮೇಲೆ ಐ ಎಫ್. ಅಂದ್ರೆ ಒಳಗಡೆ. ಅದರ ಮುಂದೆ ಒಂದು ಡಿಸ್ಕಿನ ಹೆಸರು. ಆಮೇಲೆ ಓ ಎಫ್, ಹೊರಗಡೆ. ಅದರ ಮುಂದೆ ಇನ್ನೊಂದು. ಹಳೇದು ಎ, ಹೊಸದು ಬಿ. ಬರೀರಿ.”

ಮೇಷ್ಟ್ರು ಯೋಚಿಸಿಯೇ ಬರೆದರು. ಆತ್ಮಕತೆ ಹೊಸ ಡಿಸ್ಕಿನ ಒಳಗಡೆ ಹೋಗಬೇಕು. ಆದ್ದರಿಂದ ಒಳಗಡೆಗೆ ಬಿ. ಹಳೆಯದರಿಂದ ಹೊರಗಡೆ ಬರಬೇಕು. ಆದ್ದರಿಂದ ಹೊರಗಡೆಗೆ ಎ. ಇದಕ್ಕಿಂತ ಸರಿಯಾದ ಯೋಚನೆ ಇರಲು ಸಾಧ್ಯವೇ? ಆದರೆ ಆ ಆಜ್ಞೆಯ ಪ್ರಕಾರ ಒಳಗಡೆ ಅಂದರೆ ತಾನು ನುಂಗುವುದು, ಹೊರಗಡೆ ಅಂದರೆ ತಾನು ಉಗುಳುವ ಜಾಗ. ಅದು ಹೊಸ ಡಿಸ್ಕಿನ ಖಾಲಿಯನ್ನೆಲ್ಲ ನುಂಗಿ, ಮಾವನ ಆರುನೂರ ನಲವತ್ತು ಪುಟದ ಮೇಲೆ ಉಗುಳುತ್ತ ಹೋಯಿತು. ಶುರುಮಾಡುವ ಮೊದಲು “ನಿಜವಾಗಿಯೂ ಮಾಡಲೇ?” ಎಂದು ಒಂದು ಮಾತು ಕೂಡ ಕೇಳಲಿಲ್ಲ.

ಎರಡು ಗಂಟೆ ಕಾಲ ಓಡಿ ಕೆಲಸ ಮುಗಿದಾಗ ಎರಡು ಡಿಸ್ಕುಗಳೂ ತೊಳೆದಿಟ್ಟ ತಟ್ಟೆಯ ಹಾಗೆ ಶುಭ್ರವಾಗಿದ್ದವು. ಡಾಕ್ಟರು ಮೇಷ್ಟ್ರು ಬರೆದಿದ್ದ ಸಾಲನ್ನು ಓದಿ, “ಬುಡಸಮೇತ ಬಂದ್ಬಿಟ್ಟಿದೆ,” ಎಂದರು.

ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದಳು.

“ರೀ, ಏನಾಯ್ತು? ಮುಖ ಯಾಕೆ ಹಾಗಿದೆ?”

“ನಿಮ್ಮಪ್ಪನ ಪುಸ್ತಕ ಹೋಯ್ತು ಕಣೇ.”

“ಎಲ್ಲಿಗೆ ಹೋಯ್ತು?”

“ಎಲ್ಲಿಗೂ ಹೋಗ್ಲಿಲ್ಲ. ಸುಮ್ನೆ ಹೋಯ್ತು.”

ಅವಳು ಅಳಲೂ ಇಲ್ಲ, ಬಯ್ಯಲೂ ಇಲ್ಲ. ಗೋಡೆಗೆ ಒರಗಿ, “ಅಪ್ಪ ಬಂದ್ರೆ ನಾನು ಏನ್ರೀ ಹೇಳ್ಲಿ?” ಎಂದಳು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಾಗುತ್ತಿತ್ತು.

“ಇದ್ದದ್ದು ಹೇಳ್ಬಿಡು. ನನ್ನ ಬಾಯಿಂದ ಆಗಲ್ಲ,” ಎಂದು ಮೇಷ್ಟ್ರು ಡಿಸ್ಕು ಎದೆಗವಚಿಕೊಂಡು ಡಾಕ್ಟರ ಸ್ಕೂಟರಿನ ಹಿಂದೆ ಕೂತರು.

ರಿಪೇರಿ ಅಂಗಡಿಯ ಹೆಂಗಸು ಡಿಸ್ಕಿಗೆ ವೈರು ಸಿಕ್ಕಿಸಿ, ಪರದೆಯನ್ನು ಇವರ ಕಡೆ ತಿರುಗಿಸಿದಳು. ಮೇಲಿಂದ ಕೆಳಗಿನವರೆಗೆ ಬರೀ ಸೊನ್ನೆಗಳು.

“ಅಳಿಸಿದ್ರೆ ತೆಗೆದುಕೊಡ್ತೀನಿ ಸಾರ್. ನೀವು ಅಳಿಸಿಲ್ಲ, ಸುಣ್ಣ ಬಳಿದಿದ್ದೀರ.”

ಪಾಠದಲ್ಲಿ ಮುಖ ಬರೆಯುವುದನ್ನು ಕಲಿಸುವ ಮೇಷ್ಟ್ರಿಗೆ, ಕಣ್ಣು ಮುಚ್ಚಿದರೆ ಮಾವನ ಮುಖವೇ ಇದ್ದಿಲಿನಲ್ಲಿ ಬರೆದಂತೆ ಮೂಡುತ್ತಿತ್ತು. ಗದರುವ ಮುಖವಲ್ಲ; ಹೊಸ ಕೋಟು ತೊಟ್ಟು, ಫೋಟೋ ಹಿಡಿದು, ಖಾಲಿ ಪರದೆಯ ಮುಂದೆ ಕೂತ ಮುಖ. ಅಂಗಡಿಯ ಮೆಟ್ಟಿಲ ಮೇಲೆ ಕುಸಿದರು. ಒಂಬತ್ತು ವರ್ಷ ಬೆಳಗಾದರೆ ಕೇಳುತ್ತಿದ್ದ ಆ ಟಕಟಕ ಟೈಪಿಂಗು. ಮುದುಕರಿಗೆ ಇನ್ನು ಹನ್ನೊಂದು ವರ್ಷ ಎಲ್ಲಿಂದ ತರುವುದು?

“ಬೇರೆ ಯಾರಿಗೂ ಕಳ್ಸಿರ್ಲಿಲ್ವಾ?” ಹೆಂಗಸು ಒಳಗಿಂದಲೇ ಕೇಳಿದಳು.

ಮೇಷ್ಟ್ರು ಎದ್ದು ನಿಂತರು. ಮಾವನ ಪುಸ್ತಕದ ಪ್ರೂಫ್ ನೋಡಿದ್ದ ಟೀಚರಮ್ಮ!

ಟೀಚರಮ್ಮನ ಮನೆ ಊರಿನ ಆಚೆ ತುದಿಗೆ. ದಾರಿಯಲ್ಲಿ ಸ್ಕೂಟರು ಎರಡು ಸಲ ನಿಂತಿತು. ಎರಡು ಸಲವೂ ಮೇಷ್ಟ್ರು ತಳ್ಳಿದರು, ಡಾಕ್ಟರು ಕೂತಿದ್ದರು. ಬಾಗಿಲು ತೆರೆದ ಟೀಚರಮ್ಮ ವಿಷಯ ಕೇಳಿ ಅತ್ತಿತ್ತ ನೋಡಿದರು.

“ತಿದ್ದಿ ಆದ್ಮೇಲೆ ಅಳಿಸಿಬಿಡಿ ಅಂದಿದ್ರು ನಿಮ್ಮ ಮಾವ. ಮನಸ್ಸು ಬರ್ಲಿಲ್ಲ. ಅಂಥಾ ಪುಸ್ತಕ ಅದು! ಕೈಗೆತ್ತಿಕೊಂಡ್ರೆ ಒಲೆ ಮೇಲಿನ ಹಾಲು ಉಕ್ಕೋದೂ ಗೊತ್ತಾಗಲ್ಲ.”

ಆರುನೂರ ನಲವತ್ತು ಪುಟವೂ ಇತ್ತು. ಮೇಷ್ಟ್ರು ಆಕೆಯ ಕಾಲಿಗೇ ಬಿದ್ದರು. ಪೆನ್‌ಡ್ರೈವನ್ನು ಒಳಜೇಬಿಗೆ ಹಾಕಿ, ಮೇಲಿಂದ ಕೈ ಒತ್ತಿಕೊಂಡರು. “ನಿಮ್ಮ ಕೈಗುಣ ನೋಡಿದ್ದೀನಿ, ನನ್ನ ಫೋನಿಗೂ ಒಂದು ಇರ್ಲಿ,” ಎಂದು ಡಾಕ್ಟರು ತಾವೂ ಒಂದು ಪ್ರತಿ ಇಳಿಸಿಕೊಂಡರು.

ಮನೆ ಮುಟ್ಟಿದಾಗ ನಾಲ್ಕೂ ಮುಕ್ಕಾಲು. ಡಾಕ್ಟರು ಸ್ಕೂಟರು ನಿಲ್ಲಿಸುತ್ತ ಹಿಂದುಳಿದರು. ಮೇಷ್ಟ್ರು ಒಬ್ಬರೇ ಮಾವನ ಕೋಣೆಗೆ ಹೋದರು. ಮಾವ ಕೋಟು ಬಿಚ್ಚಿರಲಿಲ್ಲ. ಕೆನ್ನೆ ಒದ್ದೆಯಾಗಿತ್ತು.

“ಮಾವ...”

“ಬಾ ಮಗು, ಕೂತ್ಕೋ.”

ಒಂಬತ್ತು ವರ್ಷದಲ್ಲಿ ಮಾವ ಅವರನ್ನು “ನೀವು” ಬಿಟ್ಟು ಬೇರೆ ಅಂದಿರಲಿಲ್ಲ. ಮೇಷ್ಟ್ರು ಹೆದರಿ ಕೂತರು. ಮಾವ ಅವರ ಹೆಗಲ ಮೇಲೆ ಕೈ ಇಟ್ಟರು.

“ಎರಡು ವರ್ಷದಿಂದ ನಿದ್ದೆ ಇಲ್ಲ ಕಣಯ್ಯಾ. ಬರೀತಾ ಬರೀತಾ ಇದ್ದದ್ದು ಇದ್ದ ಹಾಗೆ ಬರೆದುಬಿಟ್ಟೆ. ತಮ್ಮ ಕುಡಿದು ಏನಂದ, ಷಡ್ಡಕ ಯಾರ ಸಹಿ ತಾನೇ ಹಾಕಿದ, ಬೀಗಿತ್ತಿ ಸೊಸೆ ಬಗ್ಗೆ ಏನು ಹೇಳಿದ್ಳು... ದಿನಾಂಕದ ಸಮೇತ. ಅಚ್ಚಾಗಿದ್ರೆ ನನ್ನ ಹೆಣ ಹೊರೋಕೆ ನಾಲ್ಕು ಜನ ಸಿಗ್ತಿರ್ಲಿಲ್ಲ. ಊರಿಗೆಲ್ಲಾ ಹೇಳ್ಕೊಂಡು ತಿರುಗಿದ್ದೆ, ನಿಲ್ಸೋಕೆ ನಾಚಿಕೆ. ನನ್ನ ಕೈಯಾರೆ ಅಳಿಸೋಕೆ ಧೈರ್ಯ ಇಲ್ಲ. ದೇವರ ಹಾಗೆ ಬಂದು ಅಳಿಸಿಕೊಟ್ಟೆ ನೀನು.”

ಮೇಷ್ಟ್ರ ಕೈ ಒಳಜೇಬಿನ ಮೇಲೇ ನಿಂತಿತು. ಪೆನ್‌ಡ್ರೈವು ಕೆಂಡದ ಹಾಗೆ ಸುಡುತ್ತಿತ್ತು. ಅದನ್ನು ಎಸೆಯಲು ಹಿತ್ತಲಿನ ಬಾವಿ ನೆನಪಾಯಿತು. ಇನ್ನೈದು ನಿಮಿಷ ಸಿಕ್ಕರೆ ಸಾಕು, ಬದುಕಿದೆ ಎಂದುಕೊಂಡರು.

“ಯಜಮಾನ್ರೇ, ಕಣ್ಣೊರೆಸ್ಕೊಳ್ಳಿ!” ಡಾಕ್ಟರು ಫೋನು ಎತ್ತಿ ಹಿಡಿದು ಒಳಗೆ ನುಗ್ಗಿದರು. “ಪುಸ್ತಕ ಸಿಕ್ತು! ಎಲ್ಲಾ ನಿಮ್ಮ ಅಳಿಯಂದಿರ ಓಡಾಟ. ಐದು ಗಂಟೆ ಆಗ್ಬಿಡತ್ತೆ ಅಂತ ನಾನು ಅಲ್ಲಿಂದಲೇ ಪ್ರೆಸ್ಸಿಗೆ ಕಳಿಸ್ದೆ. ಆಗ್ಲೇ ಮೆಷಿನ್ನಿಗೆ ಹತ್ತಿಸಿದ್ದಾರಂತೆ. ಮತ್ತೆ ಕಳೆದುಹೋದ್ರೆ ಅಂತ, ಬಿಡುಗಡೆಗೆ ನೆಂಟರ ಜೊತೆ ನನ್ನನ್ನೂ ಸೇರಿಸಿ ನೀವೊಂದು ಗ್ರೂಪ್ ಮಾಡಿದ್ದೀರಲ್ಲ, ಅದಕ್ಕೂ ಹಾಕಿದ್ದೀನಿ. ನೂರಾ ಎಂಬತ್ತು ಜನ! ಇನ್ನು ಯಾರಪ್ಪನ ಕೈಲೂ ಅಳಿಸೋಕಾಗಲ್ಲ.”

ಹೆಗಲ ಮೇಲಿದ್ದ ಕೈ ನಿಧಾನವಾಗಿ ಹಿಂದಕ್ಕೆ ಹೋಯಿತು. ಮೇಜಿನ ಮೇಲೆ ಮಾವನ ಫೋನು ಬಡಿದುಕೊಳ್ಳತೊಡಗಿತು. ತಮ್ಮನದು. ಅದು ನಿಲ್ಲುವಷ್ಟರಲ್ಲಿ ಷಡ್ಡಕರದು.

ಮಾವ ಫೋನನ್ನು ಎರಡು ಬೆರಳಲ್ಲಿ ಎತ್ತಿ ಮೇಷ್ಟ್ರ ಮುಂದೆ ಹಿಡಿದರು.

“ತಗೊಳ್ಳಿ ಅಳಿಯಂದಿರೇ, ನೀವೇ ಮಾತಾಡಿ.”