ಜೋಡಿ ಹಕ್ಕಿ ಮತ್ತು ಸ್ಟೀಲ್ ಡಬ್ಬಿ

ಬಂದೂಕಿನ ವಿಷಯದಲ್ಲಿ ನಾನು ಅನುಭವಸ್ಥ. ಹುಡುಗನಾಗಿದ್ದಾಗ ಹುಬ್ಬಳ್ಳಿಯ ಎಕ್ಸಿಬಿಷನ್ನಿನಲ್ಲಿ ಬಂದೂಕು ಹಿಡಿದು ಬಲೂನು ಒಡೆದವನು! ಬಲೂನನ್ನು ಹಲಗೆಗೆ ಕಟ್ಟಿದ್ದರು, ಅದು ಎಲ್ಲಿಗೂ ಹಾರುವಂತಿರಲಿಲ್ಲ ಎಂಬುದು ಸಣ್ಣ ಸಂಗತಿ. ಲಂಡನ್ನಿನ ನಮ್ಮ ಆಸ್ಪತ್ರೆಯ ಹಿರಿಯ ಡಾಕ್ಟರು ಹಾರ್ಡಿಂಗ್ ಸಾಹೇಬರು ಚಹಾ ಕುಡಿಯುತ್ತಾ, "ನೀನು ಎಂದಾದರೂ ಬಂದೂಕು ಹಿಡಿದಿದ್ದೀಯಾ?" ಎಂದು ಕೇಳಿದಾಗ, ಆ ಸಣ್ಣ ಸಂಗತಿಯನ್ನು ಹೇಳುವ ಅಗತ್ಯ ನನಗೆ ಕಾಣಲಿಲ್ಲ.

"ಚಿಕ್ಕಂದಿನಿಂದ!" ಎಂದೆ.

ತಕ್ಷಣ ಆಮಂತ್ರಣ ಬಂತು. ಅಕ್ಟೋಬರಿನ ಒಂದು ಶನಿವಾರ, ಲಂಡನ್ನಿನ ಆಚೆ ಅವರ ಅಣ್ಣನ ಜಮೀನಿನಲ್ಲಿ ಫೆಸೆಂಟ್ ಬೇಟೆ. ಫೆಸೆಂಟ್ ಎಂದರೆ ಉದ್ದ ಬಾಲದ ಕಾಡುಕೋಳಿ, ಎದ್ದಿತೆಂದರೆ ಭರ್ರೆಂದು ಹಾರಿ ಮಾಯ. ಇಷ್ಟು ವರ್ಷ ಆ ಜನರ ಜೊತೆ ದುಡಿದರೂ ಡ್ಯೂಟಿಯ ಆಚೆಗೆ ನನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ನನಗೆ ನಿಜಕ್ಕೂ ಖುಷಿಯಾಯಿತು. ಒಲ್ಲೆ ಎನ್ನಲು ನಾಲಿಗೆಯೇ ಏಳಲಿಲ್ಲ.

ಆದರೆ ಸ್ಟ್ಯಾನ್ಮೋರಿನ ನಮ್ಮ ಮನೆಯಲ್ಲಿ ಮೊಟ್ಟೆಗೂ ಪ್ರವೇಶವಿಲ್ಲ. ನನ್ನ ಹೆಂಡತಿ ಸುಧಾ ಧಾರವಾಡದವಳು.

"ಅಲ್ರೀ, ನವರಾತ್ರಿ ಒಳಗ ಹಕ್ಕಿ ಹೊಡೀಲಿಕ್ಕೆ ಹೋಗ್ತೀರೇನು? ದೇವರ ಮುಂದ ನಂದಾದೀಪ ಹಾಕೀನಿ, ನೆನಪದನೋ ಇಲ್ಲೋ?"

"ಹೊಡೀಲಿಕ್ಕೆ ಅಲ್ಲ ಸುಧಾ, ಗುರಿ ತಪ್ಪಸಲಿಕ್ಕೆ ಹೊಂಟೀನಿ! ಠುಸ್ ಅಂತ ಹಾರಸೂದು, ಅಯ್ಯೋ ಅನ್ನೂದು, ಅವರ ಕೂಡ ಚಹಾ ಕುಡದು ಬರೂದು. ಅಷ್ಟ!"

"ಹಂಗಿದ್ರ ಹೋಗ್ರಿ. ಆದ್ರ ನಿಮ್ಮ ಕೈಲಿ ಒಂದ ಹಕ್ಕಿ ಸತ್ತರೂ ಈ ಹೊಸ್ತಿಲಾ ದಾಟಬ್ಯಾಡ್ರಿ. ಹೇಳಿರ್ತೀನಿ."

ಗೌರವಯುತವಾಗಿ ಗುರಿ ತಪ್ಪಬೇಕಾದರೂ ವಿದ್ಯೆ ಬೇಕಲ್ಲ! ಊರಾಚೆಯ ಶೂಟಿಂಗ್ ಮೈದಾನದಲ್ಲಿ ಕೆನ್ ಎಂಬ ಗುರುಗಳ ಬಳಿ ಪಾಠಕ್ಕೆ ಸೇರಿದೆ. ಅಲ್ಲಿ ಯಂತ್ರವೊಂದು ಮಣ್ಣಿನ ಬಿಲ್ಲೆಗಳನ್ನು ಆಕಾಶಕ್ಕೆ ಎಸೆಯುತ್ತದೆ, ನಾವು ಹೊಡೆಯಬೇಕು. "ಹಕ್ಕಿ ಇರುವಲ್ಲಿ ಹೊಡೆದರೆ ಅಲ್ಲಿ ಹಕ್ಕಿ ಇರುವುದಿಲ್ಲ. ಅದು ಹೋಗುವಲ್ಲಿ ಹೊಡಿ. ಹೊಡೆದ ಮೇಲೂ ಬಂದೂಕು ನಿಲ್ಲಿಸಬೇಡ, ತಿರುಗಿಸುತ್ತಲೇ ಇರು," ಎಂದರು ಕೆನ್. ನಾನು ಹೊಡೆದೆ. ಬಿಲ್ಲೆಗಳು ಸುಖವಾಗಿ ಹೋಗಿ ಹುಲ್ಲಿನ ಮೇಲೆ ಕುಳಿತವು. "ನೀನು ಯಾವಾಗಲೂ ಹಿಂದೆ. ಹೀಗೆ ಹಿಂದೆ ಹೊಡೆಯುವವನಿಂದ ಯಾವ ಹಕ್ಕಿಗೂ ಅಪಾಯವಿಲ್ಲ," ಎಂದು ಅವರು ನಿಟ್ಟುಸಿರಿಟ್ಟರು.

ಆಹಾ! ನನಗೆ ಬೇಕಾಗಿದ್ದೂ ಅದೇ!

ಆದರೂ ನಿಲ್ಲುವ ಠೀವಿಯಾದರೂ ಸರಿಯಿರಲಿ ಎಂದು ವ್ಯಾಕ್ಯೂಮ್ ಕ್ಲೀನರಿನ ಪೈಪು ಹೆಗಲಿಗಿಟ್ಟು ಹಿತ್ತಲಲ್ಲಿ ಪಾರಿವಾಳಗಳ ಹಿಂದೆ ಅಭ್ಯಾಸ ನಡೆಸಿದೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಮಾರ್ಗರೆಟ್ ಇಣುಕಿದರು.

"ಡಾಕ್ಟರ್, ಆಕಾಶದ ಧೂಳು ತೆಗೆಯುತ್ತಿದ್ದೀರಾ?"

ಬೇಟೆಯ ವಿಷಯ ಹೇಳಿದೆ. ಹಳ್ಳಿಯಲ್ಲಿ ಬೆಳೆದ ಮಾರ್ಗರೆಟ್‌ಗೆ ಬಾಯಲ್ಲಿ ನೀರೂರಿತು. ಈಕೆಗೂ ಸುಧಾಳಿಗೂ ಬಹಳ ಸ್ನೇಹ. ಹಬ್ಬ ಬಂತೆಂದರೆ ನಮ್ಮ ಸ್ಟೀಲ್ ಡಬ್ಬಿಯಲ್ಲಿ ಕರಚಿಕಾಯಿ ಆ ಕಡೆ ಹೋಗುತ್ತದೆ. ಮೊದಲ ಸಲ ಮಾರ್ಗರೆಟ್ ಡಬ್ಬಿ ತೊಳೆದು ಖಾಲಿ ತಂದುಕೊಟ್ಟಿದ್ದರು. ಮಂದಿಯ ಡಬ್ಬಿ ಖಾಲಿ ಕೊಡಬಾರದು, ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ಸುಧಾ ಕೂರಿಸಿ ಪಾಠ ಹೇಳಿದಳು. ಅಂದಿನಿಂದ ಡಬ್ಬಿ ಸೇಬು ಹಣ್ಣನ್ನೋ ಬಿಸ್ಕತ್ತನ್ನೋ ಹೊತ್ತೇ ಬರುತ್ತದೆ. ನಾವು ಏನೇನು ತಿನ್ನುವುದಿಲ್ಲ ಎಂಬ ಪಾಠ ಮಾತ್ರ ಇನ್ನೂ ಆಗಿರಲಿಲ್ಲ. ಆ ನವರಾತ್ರಿಯಲ್ಲೂ ಡಬ್ಬಿ ಅವರ ಮನೆಯಲ್ಲಿತ್ತು.

ಶನಿವಾರ ಬಂತು. ಪೊದೆ ಬಡಿದು ಹಕ್ಕಿ ಎಬ್ಬಿಸುವವರು ಕೂಗೆಬ್ಬಿಸಿದರು. ಮೊದಲ ಹಕ್ಕಿ ಬಂತು. ಅದರ ಹಿಂದಿನ ಗಾಳಿಗೆ ಹೊಡೆದೆ. ಹಕ್ಕಿ ಕ್ಷೇಮ. ಎರಡನೆಯದೂ ಕ್ಷೇಮ. "ಬ್ಯಾಡ್ ಲಕ್!" ಎಂದು ಹಾರ್ಡಿಂಗ್ ಮರುಗಿದರು. ನಾನೂ ದುಃಖದ ಮುಖ ಮಾಡಿದೆ. ಎಲ್ಲವೂ ಸುಸೂತ್ರವಾಗಿ ನಡೆದಿತ್ತು.

ಆಗ ಒಂದರ ಬೆನ್ನಿಗೆ ಒಂದರಂತೆ ಎರಡು ಬಂದವು. ನಾನು ಮುಂದಿನದನ್ನಷ್ಟೇ ನೋಡಿದೆ. ಶಾಸ್ತ್ರೋಕ್ತವಾಗಿ ಅದರ ಹಿಂದಿನ ಗಾಳಿಗೆ ಹೊಡೆದೆ. ಆ ಗಾಳಿಯಲ್ಲಿ ಇನ್ನೊಂದು ಹಕ್ಕಿ ಇತ್ತು!

ದೊಪ್ಪೆಂದು ನನ್ನ ಬೂಟಿನ ಮುಂದೆಯೇ ಬಿತ್ತು. "ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನು ಆರಿಸಿದೆಯಲ್ಲ!" ಎಂದು ಹಾರ್ಡಿಂಗ್ ಬೆನ್ನು ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಪಾಪದ ಹಕ್ಕಿಯನ್ನು ನೋಡಿ ಸುಧಾಳ ನಂದಾದೀಪ ನೆನಪಾಯಿತು. ಚಪ್ಪಾಳೆ ಕೇಳಿ ಎದೆಯೂ ಉಬ್ಬಿತು. ಸುಳ್ಳೇಕೆ ಹೇಳಲಿ, ಎರಡೂ ಆಯಿತು.

ಹೊರಡುವಾಗ ಇನ್ನೊಂದು ಆಘಾತ. ಬೇಟೆಗೆ ಬಂದ ಅತಿಥಿಯ ಕೈಗೆ ಒಂದು ಜೋಡಿ ಹಕ್ಕಿ ಕಟ್ಟಿ ಕೊಡುವುದು ಆ ಜನರ ಪದ್ಧತಿ, ನಮ್ಮಲ್ಲಿ ಎಲೆ ಅಡಿಕೆ ಕೊಟ್ಟಂತೆ. ಬೇಡವೆನ್ನುವಂತಿಲ್ಲ. ಕುತ್ತಿಗೆಗೆ ದಾರ ಬಿಗಿದ ಜೋಡಿಯೊಂದು ನನ್ನ ಕಾರಿನ ಡಿಕ್ಕಿ ಏರಿತು.

ದಾರಿಯುದ್ದಕ್ಕೂ ಬೆವರಿದೆ. ಕೊನೆಗೆ ಉಪಾಯ ಹೊಳೆಯಿತು. ಕಾರು ನಿಲ್ಲಿಸಿದವನೇ ಜೋಡಿಯನ್ನು ಮಾರ್ಗರೆಟ್ ಕೈಗೆ ಒಪ್ಪಿಸಿದೆ. ಕೊಟ್ಟು ಸುಮ್ಮನೆ ಬರಬೇಕಿತ್ತು. "ಇದರಲ್ಲಿ ಒಂದನ್ನು ನಾನೇ ಹೊಡೆದದ್ದು. ಒಂದೇ ಏಟಿಗೆ!" ಎಂದುಬಿಟ್ಟೆ. ಸುಧಾಗೆ ಹೇಳಬೇಡಿ ಎನ್ನುವುದು ಮಾತ್ರ ಮರೆತುಹೋಯಿತು.

"ಏನಾತ್ರಿ?" ಎಂದಳು ಸುಧಾ, ಬಾಗಿಲಲ್ಲೇ ನಿಂತು.

"ಒಂದ ಪುಕ್ಕಾನೂ ಅಳ್ಳಾಡಲಿಲ್ಲ!"

"ನನ್ನ ನಂದಾದೀಪದ ಮಾನಾ ಕಾಯ್ದ್ರಿ ನೋಡ್ರಿ," ಎಂದು ಆಕೆ ಬಡಿಸಿದ ಬಿಸಿ ಹೋಳಿಗೆಯ ಮೇಲೆ ತುಪ್ಪ ಧಾರಾಳವಾಗಿತ್ತು. ನಾಚಿಕೆಯಿಲ್ಲದೆ ತಿಂದೆ.

ದಸರೆಯ ಸಂಜೆ ಹತ್ತಿರದ ಕಿಂಗ್ಸ್‌ಬರಿಯಿಂದ ನಮ್ಮ ಕನ್ನಡದ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ಬೆಲ್ ಆಯಿತು. ಮಾರ್ಗರೆಟ್! ಕೈಯಲ್ಲಿ ಸ್ಟೀಲ್ ಡಬ್ಬಿ, ಮುಖದ ತುಂಬಾ ನಗು.

"ಖಾಲಿ ಕೊಡಬಾರದಲ್ಲವೇ ಸುಧಾ!"

ಮೆಚ್ಚಿನ ಶಿಷ್ಯೆಯನ್ನು ಎಲ್ಲರಿಗೂ ತೋರಿಸುವ ಹುಮ್ಮಸ್ಸಿನಲ್ಲಿ ಸುಧಾ ಅಲ್ಲೇ ಮುಚ್ಚಳ ತೆಗೆದಳು. ಘಮ್ಮೆಂದಿತು. ಮೈಸೂರಿನ ಹೆಂಗಸೊಬ್ಬರು ಬಗ್ಗಿ ನೋಡಿ, "ಇದೇನ್ರೀ, ಬದನೆಕಾಯಿ ಎಣ್ಣೆಗಾಯಾ?" ಎಂದರು.

"ಫೆಸೆಂಟ್!" ಎಂದರು ಮಾರ್ಗರೆಟ್ ಹೆಮ್ಮೆಯಿಂದ. "ಡಾಕ್ಟರೇ ಹೊಡೆದದ್ದು. ಒಂದೇ ಏಟಿಗೆ!"

ಸುಧಾ ಮುಚ್ಚಳ ಹಾಕಿದಳು. ಮಾರ್ಗರೆಟ್‌ಗೆ ಥ್ಯಾಂಕ್ಯೂ ಎಂದಳು, ಕುಂಕುಮವನ್ನೂ ಕೊಟ್ಟಳು. ಆಮೇಲೆ ನನ್ನ ಕಡೆ ನೋಡಿದಳು. ಅಂದು ನನ್ನ ಊಟ ಗ್ಯಾರೇಜಿನಲ್ಲಾಯಿತು. ಹೊಸ್ತಿಲು ದಾಟಬೇಕಾದರೆ ಇನ್ನು ಬಂದೂಕು ಮುಟ್ಟುವುದಿಲ್ಲ ಎಂದು ದೇವರ ಮುಂದೆ ಆಣೆಯಿಡಬೇಕಾಯಿತು.

ಈಗ ಪ್ರತಿ ಶನಿವಾರ ಅದೇ ವ್ಯಾಕ್ಯೂಮ್ ಪೈಪು ಹಿಡಿದು ಮನೆಯ ಕಾರ್ಪೆಟ್ ಗುಡಿಸುವ ಶಿಕ್ಷೆ ಅನುಭವಿಸುತ್ತಿದ್ದೇನೆ. ಕೆನ್ ಗುರುಗಳು ಹೇಳಿಕೊಟ್ಟಂತೆ ಎಲ್ಲೂ ನಿಲ್ಲಿಸದೆ ತಿರುಗಿಸುತ್ತಾ ಮುಂದೆ ಮುಂದೆ ಸಾಗುತ್ತೇನೆ. ಸೋಫಾದ ಮೇಲಿಂದ ಸುಧಾಳ ದನಿ ಬರುತ್ತದೆ:

"ಅಲ್ರೀ, ಅಲ್ಲಿ ಹಿಂದ ಕಸಾ ಹಂಗ ಉಳೀತು ನೋಡ್ರಿ!"